ತಾನಾಗಿಯೇ ಹೊಡೆದ ಗೋಲು

ಮಗಳೇ,

ಹಾಲು ಕಾಯಿಸಿದ್ದೇನೆ, ಕುಡಿದು ಪಾತ್ರೆ ತೊಳೆದಿಡು. ಕಂಪ್ಯೂಟರ್ ಮಾತ್ರ ಆರಿಸಬೇಡ, ವಿಷಯವಿದೆ.

ನನ್ನ ಕೈಯ ಪ್ಲಾಸ್ಟರ್ ಬಿಚ್ಚಿದ ಮೇಲೆ ಬೆರಳು ಸಡಿಲವಾಗಲಿ ಅಂತ ಬ್ರೌಸರಿನಲ್ಲಿ ಆ ಹಳೇ ಕಾಲದ ಫುಟ್‌ಬಾಲ್ ಆಟ ಹಾಕಿಕೊಟ್ಟೆಯಲ್ಲ, ವಾರದಿಂದ ನಾನೇ ಗೆಲ್ಲುತ್ತಿದ್ದೆ. ಇವತ್ತು ಕೀಲಿಮಣೆ ಬಿಟ್ಟು ಕಾಫಿ ಲೋಟ ಹಿಡಿದೆ. ನನ್ನ ಬಿಳಿ ಅಂಗಿಯವನು ತಾನಾಗಿಯೇ ಓಡಿಹೋಗಿ ಗೋಲು ಹೊಡೆದ! ಬಾಗಿಲ ಮರೆಯಿಂದ ಇಣುಕಿ ನೋಡಿದೆ. ಯಾರೂ ಇಲ್ಲದಿದ್ದರೂ ಆಡುತ್ತಲೇ ಇದ್ದಾರೆ. ಇಷ್ಟು ದಿನ ನಾನು ಗೆದ್ದದ್ದು ಬರೀ ಕಂಪ್ಯೂಟರ್ ತಾನೇ ಆಡಿ ತೋರಿಸುವ ನಮೂನೆ ಆಟ.

ನೀನು ಪಕ್ಕದಲ್ಲಿ ಕೂತು, "ಅಪ್ಪ, ಬೆರಳು ಎಷ್ಟು ಚುರುಕಾಯ್ತು ನೋಡು!" ಅಂತ ಚಪ್ಪಾಳೆ ತಟ್ಟುತ್ತಿದ್ದೆ. ನಿನಗೆ ಮೊದಲೇ ಗೊತ್ತಿತ್ತಾ? ಕಳ್ಳಿ!

ಎಂಟರ್ ಒತ್ತಿದರೆ ನಿಜವಾದ ಆಟ ಶುರುವಾಗುತ್ತದೆ, ಕಂಡುಹಿಡಿದೆ. ಏಳು ಗೋಲು ತಿಂದು ಸೋತು ಸುಣ್ಣವಾದೆ. ಆದರೆ ಒಂದು ಸಲ ಎಡಕ್ಕೆ ಒತ್ತಿದಾಗ ಅವನು ಎಡಕ್ಕೇ ತಿರುಗಿದ. ನನ್ನ ಬೆರಳಿನ ಮಾತು ಕೇಳಿದ!

ಅದೇ ಧೈರ್ಯದಲ್ಲಿ ಕತ್ತರಿ ಹಿಡಿದು, ಇಷ್ಟು ದಿನ ಮುಚ್ಚಿದ್ದ ನಮ್ಮ ಕ್ಷೌರದಂಗಡಿ ತೆರೆಯಲು ಹೊರಟಿದ್ದೇನೆ. ಮೊದಲ ಗಿರಾಕಿ ನಿನ್ನ ಬೊಕ್ಕತಲೆ ಮಾವ; ಕೆಡಿಸಲು ಹೆಚ್ಚೇನಿಲ್ಲ.

ಸಂಜೆ ನೀನು ಎದುರು ತಂಡಕ್ಕೆ ಕೂರು. ಚಪ್ಪಾಳೆ ಬೇಡ, ಗೋಲು ಹೊಡಿ.

ಅಪ್ಪ