ಕನಿಷ್ಠ ಕಾಳಜಿ

ಐರೋಲಿ
೧೮ ಫೆಬ್ರವರಿ ೨೦೨೫

ಪ್ರೀತಿಯ ತನ್ವಿ,

ಹೇಗಿದ್ದೀ? ಮೂರು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸು ಮಗಳೇ. ನೀನು ಫೋನ್ ಎತ್ತುವುದಿಲ್ಲ. ಮೆಸೇಜಿಗೆ ನೀಲಿ ಗೆರೆ ಬೀಳುತ್ತದೆ, ಉತ್ತರ ಬರುವುದಿಲ್ಲ. ಕಾಗದವನ್ನಾದರೂ ಹರಿಯುವ ಮೊದಲು ಓದುತ್ತೀಯೇನೋ ಎಂಬ ಆಸೆ. ಆಸೆಯೂ ಹೆಚ್ಚೇನಿಲ್ಲ.

ಮನೀಶನ ಉಬ್ಬಸ ಚಳಿಗೆ ಹೆಚ್ಚಾಗಿದೆ. ನೋಡು, ಮೊದಲ ಸುದ್ದಿಯೇ ನಿನ್ನ ತಮ್ಮನದು. ನನ್ನ ಈ ಚಾಳಿ ಹೋಗುವುದಿಲ್ಲ.

ಭಾನುವಾರ ಕನ್ನಡ ಸಂಘದ ಮಕ್ಕಳನ್ನು ಖಾಡಿಯ ಉಪ್ಪುನೀರಿನ ದಂಡೆಗೆ ಫ್ಲೆಮಿಂಗೊ ನೋಡಲು ಕರೆದೊಯ್ದೆವು. ರಿಟೈರಾದ ಟೀಚರ್ ಎಂದು ಚಾರ್ಟ್ ಬರೆಯುವ ಕೆಲಸ ನನಗೇ ಬಿತ್ತು. ಇಲ್ಲಿಗೆ ಬರುವುದು ಎರಡು ಜಾತಿ. ಕುಟುಂಬ ಒಂದೇ, ಕುಲ ಬೇರೆ. ದೊಡ್ಡದು ಎತ್ತರ, ಮೈ ಬಿಳಿಚು, ಕೊಕ್ಕಿನ ತುದಿ ಮಾತ್ರ ಕಪ್ಪು. ಸಣ್ಣದು ಕುಳ್ಳು, ಬಣ್ಣ ಗಾಢ ಗುಲಾಬಿ. ನಿಲ್ಲುವುದು ಎರಡೂ ಅದೇ ಕೆಸರಿನಲ್ಲಿ. ದೊಡ್ಡದು ಸೀಗಡಿ, ಹುಳ, ಸಿಕ್ಕಿದ್ದನ್ನು ತಿಂದು ಬದುಕುತ್ತದೆ. ಸಣ್ಣದಕ್ಕೆ ಪಾಚಿಯೇ ಆಗಬೇಕು. ಸಣ್ಣದರ ಮುಂದೆ ‘ಅಪಾಯದ ಹತ್ತಿರ’ ಎಂದು ಬರೆದೆ. ದೊಡ್ಡದರ ಮುಂದೆ, ಪುಸ್ತಕದ ‘ಲೀಸ್ಟ್ ಕನ್ಸರ್ನ್’ ಅನ್ನು ಪದಕ್ಕೆ ಪದ ಇಳಿಸಿ, ‘ಕನಿಷ್ಠ ಕಾಳಜಿ’ ಎಂದು ಬರೆದೆ.

ಸಂಘದ ಕಾರ್ಯದರ್ಶಿ, ಹೋಟೆಲಿನ ಪುಂಡರೀಕಾಕ್ಷ, ಓದಿ ನಕ್ಕರು.

“ಇದೆಂತ ಟೀಚರ್, ದೊಡ್ಡದಕ್ಕೆ ಕಾಳಜಿ ಕಮ್ಮಿಯಾ? ಅದು ಎಂತ ಪಾಪ ಮಾಡಿದೆ?”

“ಹಾಗಲ್ಲ, ಅದರ ಬಗ್ಗೆ ಚಿಂತೆ ಬೇಡ ಅಂತ ಅರ್ಥ.”

“ಚಿಂತೆ ಬೇಡ ಅಂದ್ರೆ ನೋಡೂದೇ ಬೇಡಾಂತ ಉಂಟಾ?”

ಎಲ್ಲರೂ ನಕ್ಕರು. ನಾನು ಚಾರ್ಟ್ ಅವರ ಕೈಗೆ ಕೊಟ್ಟು ದೂರ ಹೋಗಿ ಕುಳಿತೆ. ಹಕ್ಕಿಗಳ ಕಡೆ ಆಮೇಲೆ ನೋಡಲಿಲ್ಲ.

“ತನ್ವಿ ಗಟ್ಟಿ, ಅವಳಿಗೇನೂ ಆಗಲ್ಲ” ಎಂದು ನೀನು ಚಿಕ್ಕವಳಿದ್ದಾಗಿನಿಂದ ಹೇಳಿಕೊಂಡು ಬಂದೆ. ನವೆಂಬರಿನ ಆ ಭಾನುವಾರ ಕಲ್ಯಾಣದ ಆಸ್ಪತ್ರೆಯಲ್ಲಿ ನಿನ್ನ ಐದು ತಿಂಗಳ ಬಸಿರು ಹೋಯಿತು. “ಅಮ್ಮಾ, ತೂ ಯೇ ನಾ, ನೀನು ಬಾ” ಎಂದು ನೀನು ಫೋನಿನಲ್ಲಿ ಅತ್ತೆ. ಮೆಗಾಬ್ಲಾಕ್, ಹಳಿ ರಿಪೇರಿಗೆಂದು ಲೋಕಲ್ ನಿಲ್ಲಿಸಿದ್ದಾರೆ, ಗಾಡಿಯೇ ಇಲ್ಲ ಎಂದು ನಾನು ಆಮೇಲೆ ತಿಳಿಸಿದೆ.

ಅಳಿಯ ಶೈಲೇಶರಿಗೆ ನನ್ನ ಆಶೀರ್ವಾದ ಹೇಳು. ದೇವರು ನಿನ್ನನ್ನು ನನಗಿಂತ ಚೆನ್ನಾಗಿ ನೋಡಿಕೊಳ್ಳಲಿ.

ಇತಿ ನಿನ್ನ ಅಮ್ಮ,
ಮುಕ್ತಾ

ತಾ.ಕ.: ಅವತ್ತು ಮೆಗಾಬ್ಲಾಕ್ ಇರಲಿಲ್ಲ. ನಾನು ಠಾಣೆ ರೈಲ್ವೇ ಸ್ಟೇಷನ್ನಿನ ತನಕ ಬಂದಿದ್ದೆ. ಕಲ್ಯಾಣದ ಗಾಡಿ ಬರುವಷ್ಟರಲ್ಲಿ ಮನೀಶ ಫೋನ್ ಮಾಡಿ, ಇನ್‌ಹೇಲರ್ ಸಿಗುತ್ತಿಲ್ಲ ಎಂದ. ನೀನು ಗಟ್ಟಿ ಎಂದುಕೊಂಡು ನಾನು ಹಿಂದಿರುಗಿದೆ. ಅದು ಅವನ ದಿಂಬಿನ ಕೆಳಗೇ ಇತ್ತು. ನಾನು ಸುಳ್ಳು ಹೇಳುವಾಗ, ಅವತ್ತೇ ಅದೇ ಲೈನಿನ ಲೋಕಲ್ ಹಿಡಿದು ಮುಲುಂಡಿನಿಂದ ಬಂದ ಶೈಲೇಶ್ ನಿನ್ನ ಪಕ್ಕದಲ್ಲೇ ಕೂತಿದ್ದರೆಂದು ಮೊನ್ನೆ ಗೊತ್ತಾಯಿತು. ಎಲ್ಲ ತಿಳಿದೂ ನೀನು, “ಠೀಕ್ ಆಹೆ ಅಮ್ಮಾ, ನಾಳೆ ಬಾ” ಎಂದೆ. ಮರುದಿನ ನನಗೆ ಯಾವ ಅಡ್ಡಿಯೂ ಇರಲಿಲ್ಲ. ಆದರೂ ನಾನು ಬರಲಿಲ್ಲ.