ರೊಟ್ಟಿ ಮುಟ್ಟಿದ ದಿನ

ಮಾರ್ಚ್ 3, ಬೆಳಿಗ್ಗೆ 8

ಸಂಬಳ ಬಂತು. ಒಂಬತ್ತು ಲಕ್ಷ ತೆಂಗೆ. ಚಹಾ ಆರುವಷ್ಟರಲ್ಲಿ ಸಾಲದ ಕಂತುಗಳು ನುಂಗಿ ನೀರು ಕುಡಿದವು. ಉಳಿದದ್ದು ಎಂಬತ್ತು ಸಾವಿರ. ಅತಿರಾವ್ ಊರಿನ ಎಣ್ಣೆ ಕಂಪನಿಯ ಇಂಜಿನಿಯರ್ ಎಂದು ಎದೆಯುಬ್ಬಿಸಿ ತಿರುಗುವವನ ಜೇಬು ಇದು. ಥೂ.

ಹೆಂಡತಿ ಜಿಬೆಕ್ ಜಗಳ ತೆಗೆಯಲಿಲ್ಲ. ಮೇಜಿನ ಮೇಲೆ ರೊಟ್ಟಿ ಇಟ್ಟಳು.

"ಮುಟ್ಟಿ ಹೇಳು. ಇನ್ನು ಸಾಲ ಮಾಡಲ್ಲ ಅಂತ."

ಮುಟ್ಟಿದೆ. ತಪ್ಪಿದರೆ ಈ ರೊಟ್ಟಿಯೇ ನನ್ನನ್ನು ಹೊಡೆಯಲಿ ಅಂದೆ.

"ಇನ್ನೊಂದು ಸಾಲ ಆದ್ರೆ ಇಂಕಾರ್‌ನ ಕರ್ಕೊಂಡು ಅಮ್ಮನ ಮನೆಗೆ ಹೋಗ್ತೀನಿ. ಹೆದರಿಸ್ತಿಲ್ಲ, ಹೇಳ್ತಿದೀನಿ."

ಮಗಳಿಗೆ ಆರು ವರ್ಷ. ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಳು.

ಏಪ್ರಿಲ್ 21

ಕುಲ್ಯಾಶ್ ಅಕ್ಕ ಬಂದಿದ್ದಳು. ಮಗನ ಮದುವೆ. ನಮ್ಮ ಮನೆಯ ಕುದುರೆಮಾಂಸ ತಿನ್ನುತ್ತಾ ನಮಗೇ ಚುಚ್ಚಿದಳು.

"ತಮ್ಮಾ, ಸೊಸೆ ಮುಸುಕು ತೆಗೆಯೋವಾಗ ಹಾಡುಗಾರ ಮೊದಲು ನಿನ್ನ ಹೆಸರೇ ಕೂಗ್ತಾನೆ, ಎಲ್ಲರೆದುರು ಉಡುಗೊರೆ ಎಷ್ಟು ಅಂತ ಹೇಳ್ಬೇಕು. ಸೋದರಮಾವ ಅಲ್ವಾ. ಐವತ್ತು ಸಾವಿರ, ಒಂದು ಲಕ್ಷ ಕೊಟ್ಟು ಮರ್ಯಾದೆ ತೆಗೀಬೇಡ."

"ಕೈ ಖಾಲಿ, ಅಕ್ಕ."

"ಎಣ್ಣೆ ಕಂಪನಿಯೋನ ಕೈ ಖಾಲಿಯಂತೆ. ಹೆಂಡತಿ ಬೀಗ ಹಾಕಿದಾಳೆ ಅನ್ನು."

ಚಹಾ ಬಗ್ಗಿಸುತ್ತಿದ್ದ ಜಿಬೆಕ್ ತಲೆ ಎತ್ತಲಿಲ್ಲ. "ಬೀಗ ಹಾಕೋಕೆ ಒಳಗೆ ಏನಾದ್ರೂ ಇರಬೇಕಲ್ಲ, ಅತ್ತಿಗೆ."

ಅಕ್ಕನ ಮೇಲೆ ಮೈಯೆಲ್ಲ ಉರಿಯಿತು. ಜಿಬೆಕ್ ಮೇಲೆ ಇನ್ನೂ ಹೆಚ್ಚು. ನಿಜ ಹೇಳುವ ಚಟ ಅವಳಿಗೆ.

ಮೇ 10, ಸಂಜೆ 6

ಮದುವೆಯಿಂದ ಈಗ ಬಂದೆ. ಮುನ್ನೂರು ಜನ. ಅರ್ಧದಷ್ಟು ಜನರ ಅಂಗಿಯೂ ಕಂತಿನದೇ, ನನಗೆ ಗೊತ್ತು. ಹಾಡುಗಾರ ದೊಂಬ್ರಾ ಮೀಟುತ್ತಾ ಕೂಗಿದ — ದೊಡ್ಡ ಕೈಯ ಸೋದರಮಾವ ಎರ್ಸಾಯಿನ್‌ಗೆ ವಂದನೆ. ಮುಸುಕಿನೊಳಗಿನ ಹುಡುಗಿ ಬಾಗಿದಳು. ಎಲ್ಲರ ಕಣ್ಣೂ ನನ್ನ ಮೇಲೆ. ಎಪ್ಪತ್ತು ಸಾವಿರ ಜೇಬಿನಲ್ಲಿತ್ತು. ಅಷ್ಟನ್ನೇ ಹೇಳಬೇಕು ಅಂದುಕೊಂಡೇ ಎದ್ದದ್ದು.

ಭಾವ ಹಿಂದಿನಿಂದ ಅಂದ, "ಇರಿ, ಚಿಲ್ಲರೆ ಹುಡುಕ್ತಿದಾನೆ."

ನಕ್ಕರು. ನನ್ನ ಬಾಯಿ ನನ್ನನ್ನು ಕೇಳಲೇ ಇಲ್ಲ. "ಹತ್ತು ಲಕ್ಷ. ಮೂರು ದಿನದಲ್ಲಿ."

ಚಪ್ಪಾಳೆ. ಅಕ್ಕ ಅತ್ತಳು. ದರಿದ್ರ ಚಪ್ಪಾಳೆ, ಎಷ್ಟು ಹಿತವಾಗಿತ್ತು… ಜಿಬೆಕ್ ನನ್ನತ್ತ ನೋಡಲಿಲ್ಲ. ತಟ್ಟೆಯಲ್ಲಿದ್ದ ರೊಟ್ಟಿಯ ಚೂರು ಮುರಿದು ನಿಧಾನವಾಗಿ ತಿಂದಳು.

ಮೇ 13, ಬೆಳಿಗ್ಗೆ 7.20

ಮೂರು ಬ್ಯಾಂಕುಗಳೂ ಕೈ ಎತ್ತಿಬಿಟ್ಟವು. ನನ್ನ ಹೆಸರಿಗೆ ಇನ್ನು ಒಂದು ತೆಂಗೆಯೂ ಹುಟ್ಟುವುದಿಲ್ಲ. ನಿನ್ನೆಯಿಂದ ಅಕ್ಕನದು ಐದು ಕರೆ. ಇವತ್ತೇ ಗಡುವು.

ಜಿಬೆಕ್ ಸ್ನಾನಕ್ಕೆ ಹೋಗಿದ್ದಾಳೆ. ಫೋನ್ ಮೇಜಿನ ಮೇಲೆ. ಅವಳ ಹೆಸರಿಗೆ ಸಾಲವೇ ಇಲ್ಲ. ಅವಳ ಫೋನಿನಿಂದಲೇ ಅರ್ಜಿ ಹಾಕಿಬಿಟ್ಟರೆ… ಬೇಗ ತೀರಿಸಿಬಿಡುತ್ತೇನೆ. ಗೊತ್ತೇ ಆಗುವುದಿಲ್ಲ.

ತೆರೆಯಲು ನಾಲ್ಕು ಅಂಕಿ. ಇಂಕಾರ್ ಹುಟ್ಟಿದ ದಿನ ಹಾಕಿದೆ. ಮೊದಲು ಅದೇ ಇತ್ತು. ತಪ್ಪು ಎಂದಿತು. ನಮ್ಮ ಮದುವೆಯ ದಿನ — ತಪ್ಪು. ಯಾವಾಗ ಬದಲಾಯಿಸಿದಳು? ಕಟ್ಟಿಕೊಂಡ ಗಂಡನನ್ನೇ ಕಳ್ಳ ಅಂದುಕೊಂಡಳಲ್ಲ, ಎಂಥ ಹೆಂಗಸು.

ಇನ್ನೊಂದೇ ಅವಕಾಶವಂತೆ. ನೀರಿನ ಸದ್ದು ನಿಂತಿದೆ. ಯಾವ ದಿನವಿರಬಹುದು ಎಂದು ಈ ಪುಸ್ತಕವನ್ನೇ ಹಿಂದಕ್ಕೆ ತಿರುವಿದೆ. ರೊಟ್ಟಿ ಮುಟ್ಟಿದ ದಿನ.

ಸೊನ್ನೆ ಮೂರು, ಸೊನ್ನೆ ಮೂರು.

ತೆರೆಯಿತು. ಆವತ್ತಿನಿಂದ ದಿನಕ್ಕೆ ನೂರು ಸಲ ಇವಳು ಇದನ್ನೇ ಒತ್ತುತ್ತಾ ನನ್ನ ಆಣೆಯನ್ನೇ ನೆನೆಯುತ್ತಾ… ಸ್ನಾನದ ಮನೆಯ ಚಿಲಕ ತೆಗೆದ ಸದ್ದು —