ಗುಂಡನ ಮಡಕೆ

ಅಕ್ಕಾ,

ಇಲಿಯಂಥ ನಿನ್ನ ಪುಟ್ಟ ಹ್ಯಾಮ್‌ಸ್ಟರ್ ಗುಂಡ ಇವತ್ತು ನಮ್ಮ ಮನೆಯಲ್ಲಿ ಮೊದಲ ಸಲ ನೆಮ್ಮದಿಯಾಗಿ ಮಲಗಿದ.

ನೀನು ಕಣ್ಣು ಮುಚ್ಚಿದ ಮೇಲೆ ಅವನನ್ನು ನಾನೇ ತಂದಿಟ್ಟುಕೊಂಡೆ. ಬಿಸಿಲು ಬೀಳದ, ಗಾಳಿ ನುಗ್ಗದ ಜಾಗದಲ್ಲಿ ಪಂಜರವಿಟ್ಟೆ. ದಿನಾ ತೊಳೆದು, ಮರದ ಹೊಟ್ಟನ್ನು ಪೂರ್ತಿ ಬದಲಿಸುತ್ತಿದ್ದೆ. ಆದರೂ ಅವನು ಮೂಲೆ ಹಿಡಿದು ಸೊರಗಿದ. ಕೊನೆಗೆ ಪಶುವೈದ್ಯರ ಬಳಿ ಒಯ್ದೆ.

"ಇಷ್ಟೊಂದು ಚೊಕ್ಕ ಮಾಡ್ಬೇಡಿ ಅಮ್ಮಾ. ತನ್ನ ವಾಸನೆ ಇಲ್ದಿದ್ರೆ ಅದಕ್ಕೆ ಮನೆ ಅನ್ಸೋದೇ ಇಲ್ಲ. ಹಳೇ ಹೊಟ್ಟು ಒಂದು ಹಿಡಿ ಉಳಿಸಿ," ಎಂದರು.

ನಿನ್ನ ಮನೆಯಿಂದ ಬಂದ ಹೊಟ್ಟನ್ನು ಮೊದಲ ದಿನವೇ ಎಸೆದಿದ್ದೆ. ಆದರೆ ಅಲ್ಲಿ ಅವನು ಮಲಗುತ್ತಿದ್ದ ಪುಟ್ಟ ಮಡಕೆ, ಕೊಳೆಯಾಗಿದೆಯೆಂದು ನಾನು ಕಪಾಟಿನ ಹಿಂದೆ ಸರಿಸಿದ್ದು, ಹಾಗೇ ಇತ್ತು. ತೊಳೆಯದೆ ಒಳಗಿಟ್ಟೆ. ಗುಂಡ ಮೂಸಿದ, ಒಂದು ಸುತ್ತು ಬಂದ, ಒಳಹೊಕ್ಕವನು ಸಂಜೆವರೆಗೂ ನಿದ್ದೆ ಹೊಡೆದ. ಎದ್ದವನೇ ನನ್ನ ಅಂಗೈಗೆ ಹತ್ತಿ, ಕೆನ್ನೆ ಉಬ್ಬುವಷ್ಟು ಬೀಜ ತುರುಕಿಕೊಂಡ.

"ಅಂತೂ ಬಾಡಿಗೆದಾರರಿಗೆ ಮನೆ ಒಪ್ಪಿಗೆಯಾಯ್ತು ಕಣೇ," ಎಂದು ನಮ್ಮ ಮನೆಯವರು ನಕ್ಕರು. ನಾನೂ ನಕ್ಕೆ.

'ಆ ಇಲಿ ಇರೋ ಮನೆಗೆ ಕಾಲಿಡಲ್ಲ' ಎಂದು ಒಂದು ವರ್ಷ ಹಟ ಹಿಡಿದೆನಲ್ಲ ಅಕ್ಕಾ. ಅವನು ಇಷ್ಟು ಹಗುರ ಎಂದು ನನಗೆ ಗೊತ್ತೇ ಇರಲಿಲ್ಲ.